ನಗರವನ್ನು ಓದುವ ಬಗೆ

‘ದೇಶ ಸುತ್ತು, ಕೋಶ ಓದು’ ಎಂಬ ನಮ್ಮ ಗಾದೆಯ ಎರಡು ತುಂಡುಗಳಲ್ಲಿ ಎರಡನೆಯದನ್ನು ಮಾತ್ರ ಹಿಡಿದುಕೊಂಡು ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಮೂವತ್ತನಾಲ್ಕು ವರ್ಷ ಹಾಸನದಲ್ಲಿ ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದೆ. ಗಾದೆಯ ಮೊದಲ ತುಂಡನ್ನು ನಮ್ಮ ಮನೆಯಲ್ಲಿ ನಿಜ ಮಾಡಿದವಳು ನನ್ನ ತಮ್ಮನ ಮಗಳು. ವಾಸ್ತುಶಿಲ್ಪದ ವಿದ್ಯಾರ್ಥಿನಿಯಾದ ಆಕೆ 2023ರ ಸೆಪ್ಟೆಂಬರಿನಿಂದ ನಾಲ್ಕು ತಿಂಗಳು ವ್ಯಾಸಂಗಕ್ಕಾಗಿ ಇಟಲಿಯ ರೋಮ್ ನಗರದಲ್ಲಿದ್ದಳು. ರೋಮನ್ನು ನಾನು ಕಂಡವನಲ್ಲ. ಈಗ ನಾನು ಹೇಳಹೊರಟಿರುವುದು ಆಕೆ ತಂದ ಚಿತ್ರಗಳ ಪುಸ್ತಕದಿಂದ, ದೂರವಾಣಿಯಲ್ಲಿ ಆಡಿದ ಮಾತುಗಳಿಂದ, ಆ ಮಾತುಗಳು ನನ್ನನ್ನು ಮತ್ತೆ ಕಪಾಟಿನ ಬಳಿಗೆ ಅಟ್ಟಿದಾಗ ಓದಿಕೊಂಡದ್ದರಿಂದ ಆದದ್ದು. ಹುಡುಗಿ ಪರದೇಶಕ್ಕೆ ಹೋದಳು, ಪಾಠ ಮಾತ್ರ ದೊಡ್ಡಪ್ಪನಿಗೂ ಆಯಿತು.

ಹೊಸದಾಗಿ ಹೋದವರಿಗೆ ಯಾವ ಊರೂ ಮೊದಲು ಅಡಿಗೆಯ ರೂಪದಲ್ಲಿಯೇ ಎದುರಾಗುತ್ತದೆ. ಚೀಸು ಮತ್ತು ಕಾಳುಮೆಣಸು ಹಾಕಿದ ಪಾಸ್ತಾವನ್ನು ಶಾವಿಗೆ ಉಪ್ಪಿಟ್ಟಿನ ದೂರದ ನೆಂಟನೆಂದು ಭಾವಿಸಿಕೊಂಡು ಮೊದಲ ವಾರ ಕಳೆದಳಂತೆ. ರೋಮಿನ ಬೀದಿಗಳಿಗೆ ಹಾಸಿರುವ ಕಪ್ಪು ಚೌಕ ಕಲ್ಲುಗಳ ಮೇಲೆ ನಡೆದು ಕಾಲು ಬಾತುಕೊಂಡಿತು. ಬೀದಿಬೀದಿಗೆ ಕುಡಿಯುವ ನೀರಿನ ನಲ್ಲಿಗಳಿವೆ. ಬಾಗಿದ ಕೊಳವೆ ಉದ್ದ ಮೂಗಿನಂತೆ ಕಾಣುವುದರಿಂದ ಜನ ಅವನ್ನು ‘ಮೂಗಪ್ಪ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. 1874ರಲ್ಲಿ ಆರಂಭವಾದ ಈ ನಲ್ಲಿಗಳು ಇಂದು ಸುಮಾರು 2500ರಷ್ಟಿವೆ. ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಇದನ್ನು ಆಕೆಗೆ ತೋರಿಸಿಕೊಟ್ಟವನು ಬೀದಿಯಲ್ಲಿ ಆಡುತ್ತಿದ್ದ ಒಬ್ಬ ಹುಡುಗ.

ಎರಡನೆಯ ವಾರದಲ್ಲಿ ಒಂದು ದಂಡವನ್ನೂ ತೆತ್ತಳು. ಬಸ್ಸಿನ ಟಿಕೇಟನ್ನು ಮೊದಲೇ ಅಂಗಡಿಯಲ್ಲಿ ಕೊಂಡಿದ್ದಳು. ಆದರೆ ಬಸ್ಸಿನೊಳಗಿನ ಯಂತ್ರಕ್ಕೆ ಅದನ್ನು ಒಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕೆಂಬುದು ತಿಳಿದಿರಲಿಲ್ಲ. ತಪಾಸಣೆಗೆ ಬಂದವರು ಟಿಕೇಟನ್ನು ತಿರುಗಿಸಿ ನೋಡಿ, ದಂಡದ ಚೀಟಿ ಬರೆದರು. “ದುಡ್ಡು ಕೊಟ್ಟು ಕೊಂಡಿದ್ದೆ ದೊಡ್ಡಪ್ಪ, ಕೈಯಲ್ಲೇ ಇತ್ತು” ಎಂದು ದೂರವಾಣಿಯಲ್ಲಿ ಅತ್ತಳು. “ಕೈಯಲ್ಲಿದ್ದರೆ ಸಾಲದಮ್ಮ, ಮುದ್ರೆ ಬೀಳಬೇಕು” ಎಂದು ನಾನು ನಕ್ಕೆ. ಈ ಮಾತು ಒಂದೇ ತಿಂಗಳಲ್ಲಿ ನನ್ನ ಕಡೆಗೇ ತಿರುಗುವುದೆಂದು ಆಗ ತಿಳಿದಿರಲಿಲ್ಲ.

ಅಲ್ಲಿನ ಅಧ್ಯಾಪಕರು ಮೊದಲ ದಿನವೇ ಒಂದು ನಿಯಮ ಹಾಕಿದ್ದರು. ಹದಿನೈದು ದಿನ ಯಾರೂ ಛಾಯಾಚಿತ್ರ ತೆಗೆಯಕೂಡದು. ಪ್ರತಿಯೊಬ್ಬರಿಗೂ ಒಂದು ಖಾಲಿ ಪುಸ್ತಕ, ಒಂದು ಪೆನ್ಸಿಲು. ಒಂದು ಸ್ಥಳದ ಮುಂದೆ ಕನಿಷ್ಠ ಎರಡು ಗಂಟೆ ಕುಳಿತು, ಕಂಡದ್ದನ್ನು ಬರೆಯಬೇಕು. ಬರೆದಾದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರ ಕೆಳಗೆ ಏನಿದೆ? ಇದಕ್ಕೆ ಮೊದಲು ಇಲ್ಲಿ ಏನಿತ್ತು? ಈ ಕಲ್ಲು ಎಲ್ಲಿಂದ ಬಂತು? ರೋಮನ್ನು ಓದುವುದಕ್ಕೆ ಈ ಮೂರು ಪ್ರಶ್ನೆಗಳು ಕಾಗುಣಿತವಿದ್ದಂತೆ.

ಏಕೆಂದರೆ ರೋಮ್ ಒಂದರ ಪಕ್ಕದಲ್ಲಿ ಒಂದಾಗಿ ಬೆಳೆದ ನಗರವಲ್ಲ, ಒಂದರ ಮೇಲೊಂದಾಗಿ ಬೆಳೆದದ್ದು. ಟೈಬರ್ ನದಿ ಮತ್ತೆ ಮತ್ತೆ ಉಕ್ಕಿ ತಗ್ಗು ಪ್ರದೇಶಗಳಲ್ಲಿ ಹೂಳು ತುಂಬುತ್ತಿತ್ತು. 1870ರ ದೊಡ್ಡ ನೆರೆಯ ಅನಂತರ, 1876ರಿಂದ ಎತ್ತರದ ದಡಗೋಡೆಗಳನ್ನು ಕಟ್ಟತೊಡಗಿದ ಮೇಲೆಯೇ ಈ ಕಾಟ ತಗ್ಗಿದ್ದು. ಹೂಳಿನ ಜೊತೆಗೆ ಬೆಂಕಿ, ಭೂಕಂಪ, ಕಾಲ ಇವುಗಳಿಂದ ಬಿದ್ದ ಕಟ್ಟಡಗಳ ಮಣ್ಣು. ಬಿದ್ದುದನ್ನು ದೂರ ಸಾಗಿಸುವ ಬದಲು ಅದನ್ನೇ ಸಮತಟ್ಟು ಮಾಡಿ, ಹಳೆಯ ಗೋಡೆಗಳನ್ನೇ ಅಡಿಪಾಯವಾಗಿಸಿ, ಜನ ಮೇಲೆ ಹೊಸದನ್ನು ಕಟ್ಟಿದರು. ಹೀಗೆ ನೆಲವೇ ಶತಮಾನಗಳ ಕಾಲ ಮೇಲೇರಿತು. ಇಂದಿನ ರೋಮಿನಲ್ಲಿ ಸುರಂಗ ರೈಲಿಗಾಗಿ ಅಗೆಯುವುದೆಂದರೆ ಇತಿಹಾಸವನ್ನು ಹಿಂದಿನ ಪುಟದಿಂದ ಓದಿದಂತೆ. 2018ರಲ್ಲಿ ತೆರೆದ ಸಾನ್ ಜೊವಾನ್ನಿ ಎಂಬ ಸುರಂಗ ನಿಲ್ದಾಣದಲ್ಲಿ ಮೆಟ್ಟಿಲಿಳಿಯುತ್ತ ಹೋದಂತೆ ಗೋಡೆಯ ಮೇಲೆ ಆಯಾ ಆಳದ ಕಾಲವನ್ನು ಬರೆದಿದ್ದಾರೆ. ಆಯಾ ಆಳದಲ್ಲಿ ದೊರೆತ ವಸ್ತುಗಳನ್ನು ಇರಿಸಿದ್ದಾರೆ. ಅಲ್ಲಿ ಪ್ರಾಚೀನ ರೋಮನರ ಕಾಲದ ಒಂದು ತೋಟ, ಅದರ ದೊಡ್ಡ ನೀರಿನ ತೊಟ್ಟಿ, ಯಾರೋ ತಿಂದುಳಿದ ಪೀಚ್ ಹಣ್ಣಿನ ಗೊರಟುಗಳು ಸಿಕ್ಕಿದವು. ದಿನವೂ ಕೆಲಸಕ್ಕೆ ಹೋಗುವ ಜನ ಆ ಗೊರಟುಗಳ ಪಕ್ಕದಲ್ಲಿಯೇ ಹಾದು ರೈಲು ಹತ್ತುತ್ತಾರೆ.

ನಮ್ಮ ಹುಡುಗಿ ಮೊದಲು ಕುಳಿತು ಬರೆದದ್ದು ಪಿಯಾಜ್ಜಾ ನವೋನಾ ಎಂಬ ಚೌಕವನ್ನು. ಚೌಕವೆಂದು ಹೆಸರು, ಆಕಾರ ಮಾತ್ರ ಚೌಕವಲ್ಲ. ಉದ್ದವಾಗಿ ಸಾಗಿ ಒಂದು ತುದಿಯಲ್ಲಿ ದುಂಡಾಗುತ್ತದೆ. ಕ್ರಿ.ಶ. 86ರ ಸುಮಾರಿಗೆ ಡೊಮಿಷಿಯನ್ ಚಕ್ರವರ್ತಿ ಅಲ್ಲಿ ಓಟದ ಪಂದ್ಯಗಳಿಗಾಗಿ ಕ್ರೀಡಾಂಗಣ ಕಟ್ಟಿಸಿದ್ದ. ಪ್ರೇಕ್ಷಕರ ಮೆಟ್ಟಿಲುಗಳಿದ್ದ ಕಡೆ ಮನೆಗಳೆದ್ದವು, ಓಟದ ನೆಲ ಬಯಲಾಗಿಯೇ ಉಳಿಯಿತು. ಆಟ ಹೋಯಿತು, ಆಟದ ಆಕಾರ ಉಳಿಯಿತು. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಊರುಗಳ ‘ಕೋಟೆ ಬೀದಿ’ಗಳು. ಕೋಟೆಯ ಗೋಡೆ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಆದರೆ ಬೀದಿ ಇನ್ನೂ ಅದೇ ಗೋಡೆಯನ್ನು ಬಳಸಿಕೊಂಡು ತಿರುಗುತ್ತಿರುತ್ತದೆ.

ಆ ಚೌಕದ ನಡುವೆ ಬರ್ನೀನಿ ಎಂಬ ಶಿಲ್ಪಿಯ ವಿನ್ಯಾಸದಂತೆ 1651ರಲ್ಲಿ ಮುಗಿದ ಕಾರಂಜಿಯೊಂದಿದೆ. ಲೋಕದ ನಾಲ್ಕು ಭಾಗಗಳನ್ನು ಪ್ರತಿನಿಧಿಸುವ ನಾಲ್ಕು ನದಿಗಳು ಅಲ್ಲಿ ಮಾನವಾಕಾರದಲ್ಲಿ ಕುಳಿತಿವೆ: ಡ್ಯಾನ್ಯೂಬ್, ನೈಲ್, ದಕ್ಷಿಣ ಅಮೆರಿಕದ ಪ್ಲಾಟಾ, ನಾಲ್ಕನೆಯದು ನಮ್ಮ ಗಂಗೆ! ಆದರೆ ಆ ಗಂಗೆ ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದ, ಗಡ್ಡ ಬಿಟ್ಟ, ಕಟ್ಟುಮಸ್ತಾದ ಗಂಡಸು. ಹುಡುಗಿ ಮೊದಲು ನಕ್ಕಳಂತೆ, ಆಮೇಲೆ ಕೊಂಚ ಸಿಟ್ಟೂ ಬಂತಂತೆ. ನಾನು ಹೇಳಿದೆ: ಗ್ರೀಕರೂ ರೋಮನರೂ ನದಿಗಳನ್ನು ಗಂಡು ದೇವತೆಗಳೆಂದೇ ಕಲ್ಪಿಸಿದವರು. ನಮಗೆ ನದಿ ಎಂದೊಡನೆ ತಾಯಿಯೂ ತವರೂ ಕಣ್ಣಮುಂದೆ ಬರುವಂತೆ ಅವರಿಗೆ ಮಲಗಿದ ಮುದುಕನೊಬ್ಬ ಬರುತ್ತಾನೆ. ದೊಡ್ಡ ದೋಣಿಗಳು ಸಂಚರಿಸಬಲ್ಲ ನದಿ ಎಂಬುದನ್ನು ಸೂಚಿಸಲು ಹುಟ್ಟು. ನೈಲ್ ನದಿಯ ತಲೆಗೆ ಮುಸುಕು ಹಾಕಿದ್ದಾರೆ, ಏಕೆಂದರೆ ಅದರ ಮೂಲ ಆಗ ಐರೋಪ್ಯರಿಗೆ ತಿಳಿದಿರಲಿಲ್ಲ. ಅನ್ಯರ ಕಣ್ಣಿನಲ್ಲಿ ನಮ್ಮ ವಸ್ತು ಹೇಗೆ ಬೇರೆಯಾಗಿ ಕಾಣುತ್ತದೆ ಎಂಬುದನ್ನು ನೋಡುವುದೂ ಒಂದು ವಿದ್ಯೆ. ಅದು ಅವಮಾನವಲ್ಲ, ಅನುವಾದ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಪ್ಯಾಂಥಿಯನ್. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಪೂರ್ಣಗೊಂಡ ದೇವಾಲಯ. 609ರಲ್ಲಿ ಚರ್ಚಾಗಿ ಪರಿವರ್ತಿತವಾದದ್ದರಿಂದಲೇ ಅದು ಕಲ್ಲುಗಣಿಯಾಗದೆ ಉಳಿದುಕೊಂಡಿತು. ಅದರ ಗುಮ್ಮಟದ ಒಳವ್ಯಾಸ 43 ಮೀಟರಿಗೂ ಮಿಕ್ಕದ್ದು. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಅದನ್ನು ಮೀರಿಸಿದ್ದಿಲ್ಲ. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಮಣ್ಣು ಬೆರೆಸಿದ ಗಾರೆ ಅದರ ಜೀವ. ಬುಡದಲ್ಲಿ ಭಾರವಾದ ಕಲ್ಲುಚೂರು, ಮೇಲೆ ಹೋದಂತೆ ಹಗುರ, ತುತ್ತತುದಿಯಲ್ಲಿ ನೀರಿನಲ್ಲಿ ತೇಲುವಂಥ ಜಾಳುಗಲ್ಲು. ಗುಮ್ಮಟದ ದಪ್ಪವೂ ಬುಡದಲ್ಲಿ ಸುಮಾರು 6 ಮೀಟರ್ ಇದ್ದುದು ನೆತ್ತಿಯಲ್ಲಿ 1 ಮೀಟರಿಗೆ ಸಮೀಪವಾಗುತ್ತದೆ. ನೆತ್ತಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ತೆರೆದ ಕಣ್ಣು. ಮಳೆ ಬಂದರೆ ಒಳಗೇ ಬೀಳುತ್ತದೆ. ಅದಕ್ಕೆಂದೇ ನೆಲವನ್ನು ನಡುವೆ ತುಸು ಉಬ್ಬಿಸಿ, ನೀರು ಇಳಿದುಹೋಗಲು ಸಣ್ಣ ರಂಧ್ರಗಳನ್ನು ಕೊರೆದಿದ್ದಾರೆ. ಮಳೆಯ ದಿನವೇ ಹೋಗಿ, ಬೀಳುವ ನೀರಿನ ಕಂಬವನ್ನು ಆಕೆ ಬರೆದುಕೊಂಡು ಬಂದಿದ್ದಾಳೆ.

ಅವಳ ತರಗತಿಯಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳಿದ್ದರು. ಪ್ಯಾಂಥಿಯನ್ನಿನ ಅಡ್ಡಕೊಯ್ತದ ಚಿತ್ರವನ್ನು ಬರೆಯುತ್ತಿದ್ದಾಗ ಇಟಲಿಯ ಸಹಪಾಠಿಯೊಬ್ಬ, “ನಿಮ್ಮ ಸೀಮೆಯಲ್ಲಿಯೂ ಒಂದು ಮಹಾ ಗುಮ್ಮಟವಿದೆಯಲ್ಲ, ಪಿಸುಮಾತು ಸುತ್ತಿ ಬರುವಂಥದ್ದು? ಅದನ್ನು ಅಳೆದಿದ್ದೀಯಾ?” ಎಂದು ಕೇಳಿದನಂತೆ. ಅವನು ಕೇಳಿದ್ದು ವಿಜಯಪುರದ ಗೋಲಗುಮ್ಮಟವನ್ನು, 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಷಾಹನ ಸಮಾಧಿಯನ್ನು. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟವನ್ನು ಚೌಕ ಕಟ್ಟಡದ ಮೇಲೆ, ಒಂದನ್ನೊಂದು ಛೇದಿಸುವ ಕಮಾನುಗಳ ಆಧಾರದಿಂದ ಕೂರಿಸಿದ ಜಾಣ್ಮೆ ಲೋಕದ ವಾಸ್ತುಶಿಲ್ಪಿಗಳಿಗೆಲ್ಲ ಪಾಠವಾಗಬಲ್ಲದು. ನಮ್ಮ ಹುಡುಗಿ ಅದನ್ನು ಕಂಡೇ ಇರಲಿಲ್ಲ. “ಪುಸ್ತಕದಲ್ಲಿ ನೋಡಿದ್ದೇನೆ ಎಂದೆ ದೊಡ್ಡಪ್ಪ. ಅವನೇನೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು” ಎಂದಳು. ಆ ರಾತ್ರಿ ನಾನು ಆಕೆಯನ್ನು ಸಮಾಧಾನ ಮಾಡಿದೆ. ‘ಎಲ್ಲವನ್ನೂ ಎಲ್ಲರೂ ನೋಡಲಾಗುವುದಿಲ್ಲ’ ಎಂದೆ. ನನ್ನ ಸರದಿ ಇನ್ನೂ ಬಂದಿರಲಿಲ್ಲ.

ಅಕ್ಟೋಬರಿನಲ್ಲಿ ಅವರನ್ನು ಸಾನ್ ಕ್ಲೆಮೆಂತೆ ಎಂಬ ಚರ್ಚಿಗೆ ಕರೆದೊಯ್ದರು. ಒಂದರ ಮೇಲೊಂದು ಎಂಬ ರೋಮಿನ ಸೂತ್ರವನ್ನು ಒಂದೇ ಸೂರಿನಡಿ ಕಾಣಬೇಕಾದರೆ ಅಲ್ಲಿಗೆ ಹೋಗಬೇಕು. ಬೀದಿಯಿಂದ ಒಳಗೆ ಹೋದರೆ ಹನ್ನೆರಡನೆಯ ಶತಮಾನದ ಚರ್ಚು. ನಮ್ಮ ಬಸವಣ್ಣನವರ ಶತಮಾನವೇ. ಅಲ್ಲಿಂದ ಮೆಟ್ಟಿಲಿಳಿದರೆ ನಾಲ್ಕನೆಯ ಶತಮಾನದ ಇನ್ನೊಂದು ಚರ್ಚು. ಅದನ್ನು ಮಣ್ಣು ತುಂಬಿ ಅಡಿಪಾಯ ಮಾಡಿಕೊಂಡೇ ಮೇಲಿನದನ್ನು ಕಟ್ಟಿದ್ದರು. ಮತ್ತೂ ಇಳಿದರೆ ಪ್ರಾಚೀನ ರೋಮನರ ಕಾಲದ ಕಟ್ಟಡಗಳು, ಅವುಗಳ ನಡುವೆ ಮಿಥ್ರ ದೇವತೆಯ ಗುಹೆಯಂಥ ಪೂಜಾಸ್ಥಳ. ಮಿಥ್ರನೆಂದರೆ ಪಾರಸಿಕರ ದೇವತೆ; ಹೆಸರಿನ ಮಟ್ಟಿಗೆ ನಮ್ಮ ವೇದಗಳ ಮಿತ್ರನಿಗೆ ಸೋದರ. ತಳದಲ್ಲಿ ನಿಂತರೆ ಕಾಣದ ಎಲ್ಲೋ ಒಂದು ಕಡೆ ನೀರು ಹರಿಯುವ ಸದ್ದು ಕೇಳುತ್ತದಂತೆ. 1857ರಲ್ಲಿ ಜೋಸೆಫ್ ಮುಲೂಲಿ ಎಂಬ ಐರಿಷ್ ಪಾದ್ರಿಗಳು ಅಗೆಯಲು ತೊಡಗುವವರೆಗೆ, ತಮ್ಮ ಪ್ರಾರ್ಥನೆಯ ನೆಲದ ಕೆಳಗೆ ಇನ್ನೊಂದು ಚರ್ಚಿದೆ ಎಂಬುದು ಮೇಲಿನವರಿಗೆ ಮರೆತೇಹೋಗಿತ್ತು.

ನಡುವಣ ಅಂತಸ್ತಿನ ಗೋಡೆಯಲ್ಲಿ ಹನ್ನೊಂದನೆಯ ಶತಮಾನದ ಕೊನೆಯ ಭಾಗದ ಒಂದು ಭಿತ್ತಿಚಿತ್ರವಿದೆ. ಬೆನೊ ಎಂಬ ಗೃಹಸ್ಥನೂ ಅವನ ಹೆಂಡತಿ ಮರಿಯಾಳೂ ಬರೆಯಿಸಿದ್ದು. ಕಥೆ ಹೀಗೆ: ಸಿಸಿನ್ನಿಯಸ್ ಎಂಬ ಶ್ರೀಮಂತನಿಗೆ ಸಂತ ಕ್ಲೆಮೆಂಟನ ಮೇಲೆ ಕೋಪ. ಅವನನ್ನು ಕಟ್ಟಿ ಎಳೆದುಕೊಂಡು ಹೋಗಿರೆಂದು ಆಳುಗಳಿಗೆ ಅಪ್ಪಣೆ ಮಾಡುತ್ತಾನೆ. ಆದರೆ ಆಳುಗಳ ಕಣ್ಣಿಗೆ ಮಾಯೆ ಕವಿದಿದೆ. ಅವರು ಸಂತನೆಂದು ಭ್ರಮಿಸಿ ಒಂದು ಭಾರಿ ಕಲ್ಲುಕಂಬಕ್ಕೆ ಹಗ್ಗ ಬಿಗಿದು ಏದುಸಿರು ಬಿಡುತ್ತ ಎಳೆಯುತ್ತಿದ್ದಾರೆ. ಯಜಮಾನ ಹಿಂದಿನಿಂದ ಗದರುತ್ತಿದ್ದಾನೆ. ಅವರವರ ಮಾತನ್ನು ಅವರವರ ಪಕ್ಕದಲ್ಲಿಯೇ ಬಣ್ಣದಲ್ಲಿ ಬರೆದಿದ್ದಾರೆ, ಇಂದಿನ ಮಕ್ಕಳ ಚಿತ್ರಕಥೆಗಳಲ್ಲಿ ಇರುವಂತೆ. ಸ್ವಾರಸ್ಯವಿರುವುದು ಇಲ್ಲಿ. ಸಂತನ ಮಾತು ಲ್ಯಾಟಿನ್ ಭಾಷೆಯಲ್ಲಿದೆ. ಯಜಮಾನನ ಮಾತು ಅಂದಿನ ರೋಮಿನ ಬೀದಿಯ ಆಡುಮಾತಿನಲ್ಲಿದೆ. ಅದರ ಆರಂಭವಂತೂ ಆಕಾಶವಾಣಿಯಲ್ಲಿ ಹೇಳಲಾಗದಂಥ ಬೈಗುಳ! ಇಟಾಲಿಯನ್ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ, ವಿದೂಷಕನಿಗೆ ಪ್ರಾಕೃತ ಎಂಬ ಕಟ್ಟಳೆಯನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

ಅವರನ್ನು ಕರೆದೊಯ್ದಿದ್ದ ಅಧ್ಯಾಪಿಕೆ ಅಲ್ಲಿಯೇ ನಿಂತು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕೇಳಿದರಂತೆ: ನಿಮ್ಮ ನಿಮ್ಮ ಭಾಷೆಯ ಅತಿ ಹಳೆಯ ಬರಹ ಯಾವುದು? ಎಲ್ಲಿದೆ? ಏನು ಹೇಳುತ್ತದೆ? ಪೋಲೆಂಡಿನ ಹುಡುಗಿಯೊಬ್ಬಳು ಒಡನೆಯೇ ಹೇಳಿದಳು. ಹದಿಮೂರನೆಯ ಶತಮಾನದ ಲ್ಯಾಟಿನ್ ಗ್ರಂಥವೊಂದರಲ್ಲಿ, ಮಠವೊಂದರ ಜಮೀನಿನ ಹಕ್ಕನ್ನು ವಿವರಿಸುವಾಗ, ನಡುವೆ ಒಂದೇ ಒಂದು ಪೋಲಿಷ್ ವಾಕ್ಯ ಬರುತ್ತದೆ. ಬೀಸುವ ಕಲ್ಲಿನ ಮುಂದೆ ದಣಿದು ಕುಳಿತ ಹೆಂಡತಿಗೆ ಗಂಡನು, ‘ಈಗ ನಾನು ಬೀಸುತ್ತೇನೆ, ನೀನು ಸ್ವಲ್ಪ ಸುಧಾರಿಸಿಕೊ’ ಎಂಬರ್ಥದ ಮಾತನ್ನಾಡುತ್ತಾನೆ. ಒಂದು ಭಾಷೆ ಅಕ್ಷರಕ್ಕಿಳಿಯಲು ಇದಕ್ಕಿಂತ ಸೊಗಸಾದ ಮಾತು ಸಿಕ್ಕೀತೆ?

ಸರದಿ ನಮ್ಮ ಹುಡುಗಿಗೆ ಬಂತು. ‘ಹಲ್ಮಿಡಿ, ಕ್ರಿ.ಶ. 450’ ಎಂದಳು. ರಸಪ್ರಶ್ನೆಯ ಉತ್ತರ. ಅದರಲ್ಲಿ ಏನಿದೆ ಎಂದಾಗ ಬಾಯಿ ಕಟ್ಟಿತು. ಆ ರಾತ್ರಿ, ಅಲ್ಲಿ ಎಂಟು ಗಂಟೆ, ನಮ್ಮಲ್ಲಿ ಹನ್ನೊಂದೂವರೆ, ದೂರವಾಣಿ ಬಂತು. ನಾನು ಎದ್ದು ಕುಳಿತು ಉತ್ಸಾಹದಿಂದ, “ಹೇಳಬೇಕಾಗಿತ್ತಮ್ಮ, ನಿಮ್ಮ ಇಟಾಲಿಯನ್ನಿಗಿಂತ ನಮ್ಮದು ಐನೂರು ವರ್ಷ ಹಳೆಯದೆಂದು!” ಎಂದೆ.

“ಅದು ಗೊತ್ತು ದೊಡ್ಡಪ್ಪ. ಅದರಲ್ಲಿ ಏನು ಬರೆದಿದೆ? ಕಲ್ಲು ಎಷ್ಟು ಎತ್ತರ? ಅಕ್ಷರ ಹೇಗೆ ಕಾಣುತ್ತವೆ? ನೀವು ನೋಡಿದ್ದೀರಲ್ಲ?”

ಶ್ರೋತೃಗಳೇ, ಮೂವತ್ತನಾಲ್ಕು ವರ್ಷ ನಾನು ಆ ಶಾಸನವನ್ನು ಪಾಠ ಹೇಳಿದ್ದೇನೆ. ಐದು ಅಂಕದ ಪ್ರಶ್ನೆಯಾಗಿ ಅದನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹಲ್ಮಿಡಿ ಇರುವುದು ನಮ್ಮ ಹಾಸನ ಜಿಲ್ಲೆಯಲ್ಲಿಯೇ, ಬೇಲೂರು ತಾಲ್ಲೂಕಿನಲ್ಲಿ. ವಿದ್ಯಾರ್ಥಿಗಳನ್ನು ಬೇಲೂರಿನ ದೇವಾಲಯಕ್ಕೆ ಹಲವು ಸಲ ಕರೆದುಕೊಂಡು ಹೋದವನು ನಾನು. ಅಲ್ಲಿಂದ ಹಲ್ಮಿಡಿಯ ಕಡೆಗೆ ಬಸ್ಸನ್ನು ತಿರುಗಿಸಬೇಕೆಂದು ಒಮ್ಮೆಯೂ ನನಗೆ ತೋರಿರಲಿಲ್ಲ. ‘ನೋಡಿಲ್ಲಮ್ಮ’ ಎಂದೆ. ಆ ಕಡೆ ಕೊಂಚ ಹೊತ್ತು ಮೌನ. ಆಮೇಲೆ ಮೆಲ್ಲಗೆ, “ಟಿಕೇಟಿಗೆ ಮುದ್ರೆ ಬಿದ್ದಿಲ್ಲ ಅನ್ನಿ” ಎಂದಳು. ಹೇಳಿದ್ದು ತಮಾಷೆಗೇ ಆದರೂ ಅಂದು ನನಗೆ ನಿದ್ರೆ ಬರಲಿಲ್ಲ.

ಮರುದಿನ ಕುಳಿತು ಯೋಚಿಸಿದಾಗ ನನ್ನ ಮೊದಲ ಉತ್ತರವೂ ಸರಿಯಲ್ಲವೆನಿಸಿತು. ‘ನಮ್ಮದು ಹಳೆಯದು’ ಎಂಬ ಹೋಲಿಕೆಗೆ ಹೆಚ್ಚಿನ ಅರ್ಥವಿಲ್ಲ. ಇಟಾಲಿಯನ್ ಭಾಷೆ ಹುಟ್ಟಿದ್ದೇ ಲ್ಯಾಟಿನ್ನಿನ ಆಡುರೂಪದಿಂದ. ತಾವು ಆಡುತ್ತಿರುವುದು ತಾಯಿಭಾಷೆಯಿಂದ ಬೇರೆಯಾಗಿಬಿಟ್ಟಿದೆ ಎಂಬ ಅರಿವು ಆ ಜನಕ್ಕೆ ಮೂಡಲು ಶತಮಾನಗಳು ಹಿಡಿದವು. ಕನ್ನಡವಾದರೋ ಸಂಸ್ಕೃತ ಪ್ರಾಕೃತಗಳಿಗಿಂತ ಬೇರೆಯಾದ ದ್ರಾವಿಡ ಕುಲದ ಮಾತು. ಬೇರೆ ಎಂಬುದು ಮೊದಲಿನಿಂದಲೂ ಸ್ಪಷ್ಟ. ಆದ್ದರಿಂದ ವಯಸ್ಸನ್ನು ಹೋಲಿಸುವುದಕ್ಕಿಂತ, ಗೌರವದ ಭಾಷೆಯೊಂದು ಬರವಣಿಗೆಯನ್ನೆಲ್ಲ ಆಳುತ್ತಿರುವಾಗ ಮನೆಯ ಮಾತು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ಕೇಳುವುದು ಮೇಲು. ನನಗೆ ಮೂರು ಬಾಗಿಲುಗಳು ಕಂಡವು: ನೆಲ, ನಗು, ನಂಬಿಕೆ.

ಮೊದಲನೆಯದು ನೆಲ. ಇಟಲಿಯ ಕಾಪುವಾದಲ್ಲಿ ಕ್ರಿ.ಶ. 960ರಲ್ಲಿ ಮಠವೊಂದರ ಭೂಮಿಯ ವ್ಯಾಜ್ಯ ನಡೆಯಿತು. ತೀರ್ಪಿನ ಪತ್ರವೆಲ್ಲ ಲ್ಯಾಟಿನ್. ಆದರೆ ಸಾಕ್ಷಿಗಳು ನುಡಿದ ವಾಕ್ಯವನ್ನು ಮಾತ್ರ ಅವರ ಆಡುಮಾತಿನಲ್ಲಿಯೇ ಬರೆದುಕೊಂಡರು. ಪೋಲಿಷ್ ವಾಕ್ಯದ ಹಿಂದೆ ಇದ್ದದ್ದೂ ಜಮೀನೇ. ನಮ್ಮ ಎಷ್ಟೋ ಶಾಸನಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿ, ದಾನದ ವಿವರವೂ ಗಡಿಯೂ ಕನ್ನಡದಲ್ಲಿ. ಹೊಗಳಿಕೆ ಅರ್ಥವಾಗದಿದ್ದರೂ ನಡೆಯುತ್ತದೆ. ಗಡಿಕಲ್ಲು ಯಾವ ಹುಣಿಸೆಮರದ ಪಕ್ಕದಲ್ಲಿದೆ ಎಂಬುದು ಊರಿನವರಿಗೆ ಅರ್ಥವಾಗಲೇಬೇಕು. ಹಲ್ಮಿಡಿಯ ಶಾಸನವೂ ಕದಂಬರ ಕಾಲದಲ್ಲಿ ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಹಳ್ಳಿಗಳನ್ನು ಕೊಟ್ಟ ದಾನಪತ್ರವೇ. ಮೊದಲಿಗೆ ಸಂಸ್ಕೃತದ ವಿಷ್ಣುಸ್ತುತಿ. ಆಮೇಲೆ ದೀರ್ಘ ಸಂಸ್ಕೃತ ಸಮಾಸಗಳ ನಡುವೆ ಅಚ್ಚಗನ್ನಡದ ಪದಗಳು. ಆ ದಾನಕ್ಕೆ ‘ಬಾಳ್ಗಳ್ಚು’ ಎಂದು ಹೆಸರು. ಬಾಳು ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಯುದ್ಧ ಮುಗಿದ ಮೇಲೆ ಕತ್ತಿ ತೊಳೆದ ವೀರನಿಗೆ ಸಲ್ಲುವ ಮರ್ಯಾದೆ.

ಎರಡನೆಯದು ನಗು. ಸಾನ್ ಕ್ಲೆಮೆಂತೆಯ ಗೋಡೆಯಲ್ಲಿ ಆಡುಮಾತು ಬಂದದ್ದು ಹಾಸ್ಯದ ಬಾಗಿಲಿನಿಂದ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದು, ರೋಮನರ ಆಳ್ವಿಕೆಯ ಕಾಲದ್ದು, ನಿಮಗೆ ನೆನಪಿರಬಹುದು. ಅದರಲ್ಲಿ ಭಾರತದ ಕರಾವಳಿಯ ಜನ ಆಡುವ ವಿಚಿತ್ರ ಮಾತುಗಳನ್ನು ಕನ್ನಡವೆಂದು 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ಅದು ಕನ್ನಡವೇ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಪರರ ಮಾತು ಅಲ್ಲಿಯೂ ರಂಗಕ್ಕೆ ಬಂದದ್ದು ನಗಿಸುವುದಕ್ಕಾಗಿಯೇ.

ಮೂರನೆಯದು ನಂಬಿಕೆ. ಸ್ಲಾವ್ ಜನರ ಭಾಷೆಗೆ ಲಿಪಿ ಮಾಡಿಕೊಟ್ಟ ಸಂತ ಸಿರಿಲ್ 869ರಲ್ಲಿ ರೋಮಿನಲ್ಲಿ ತೀರಿಕೊಂಡಾಗ ಹೂಳಿದ್ದು ಇದೇ ಸಾನ್ ಕ್ಲೆಮೆಂತೆಯಲ್ಲಿ. ಹೀಬ್ರೂ, ಗ್ರೀಕ್, ಲ್ಯಾಟಿನ್ ಈ ಮೂರು ಭಾಷೆಗಳಲ್ಲಿ ಮಾತ್ರ ದೇವರನ್ನು ಸ್ತುತಿಸಬಹುದೆಂದು ವಾದಿಸಿದವರ ಎದುರು, ಎಲ್ಲ ಜನರಿಗೂ ತಮ್ಮ ಮಾತಿನಲ್ಲಿ ಆ ಹಕ್ಕುಂಟೆಂದು ನಿಂತವರು ಅವರು. ಮೇಲಿನ ಅಂತಸ್ತಿನ ಚರ್ಚು ಎದ್ದ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಶರಣರು ದೇವರೊಡನೆ ಕನ್ನಡದಲ್ಲಿ ಮಾತಾಡಿದರು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಿಲ್ಲ. ಆದರೆ ಬಾಗಿಲು ತಟ್ಟಿದ ಕೈಗಳು ಒಂದೇ ಬಗೆಯವು.

ಇಷ್ಟನ್ನೂ ಬರೆದು ಹುಡುಗಿಗೆ ಕಳುಹಿಸಿದೆ. ಆಕೆ ಅದನ್ನು ಅಧ್ಯಾಪಿಕೆಗೆ ವಿವರಿಸಿದಳಂತೆ. ಅವರು ಬರೆದುಕೊಂಡದ್ದು ಒಂದೇ ಪದವನ್ನು: ಬಾಳ್ಗಳ್ಚು.

ಜನವರಿಯಲ್ಲಿ ಆಕೆ ಹಿಂದಿರುಗಿದಳು. ಬಂದ ಎಂಟನೆಯ ದಿನ ನಾವಿಬ್ಬರೂ ಹಲ್ಮಿಡಿಗೆ ಹೋದೆವು. ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಲೋಕಕ್ಕೆ ಪರಿಚಯಿಸಿದ ಆ ಮೂಲ ಶಿಲೆಯನ್ನು ರಕ್ಷಣೆಗಾಗಿ ಮೈಸೂರಿಗೆ ಸಾಗಿಸಿದರು. ಊರಿನ ಮಂಟಪದಲ್ಲಿರುವುದು ಪ್ರತಿಕೃತಿ. ಒಟ್ಟು ಹದಿನಾರು ಸಾಲು. ಹುಡುಗಿ ಚಾಪೆ ಹಾಸಿಕೊಂಡು, ರೋಮಿನ ನಿಯಮದಂತೆ, ಎರಡು ಗಂಟೆ ಕುಳಿತು ಬರೆದಳು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿದೆ. ಅಚ್ಚಿನ ಪಾಠ ಬಾಯಿಗೆ ಬರುತ್ತಿದ್ದ ನನಗೆ ಕಲ್ಲಿನ ಅಕ್ಷರಗಳಲ್ಲಿ ಅರ್ಧಕ್ಕರ್ಧ ತಡವರಿಕೆಯಾಯಿತು.

ದನ ಹೊಡೆದುಕೊಂಡು ಬಂದ ವಯಸ್ಸಾದ ತಾಯಿಯೊಬ್ಬರು ನಿಂತು, “ಏನಂತೆ ಸ್ವಾಮಿ ಅದ್ರಾಗೆ?” ಎಂದು ಕೇಳಿದರು. ‘ನಿಮ್ಮ ಊರಿನ ಹೆಸರಿದೆ ತಾಯಿ’ ಎಂದು ‘ಪಲ್ಮಡಿ’ ಎಂಬ ಅಕ್ಷರಗಳನ್ನು ತೋರಿಸಿದೆ. ಹಳಗನ್ನಡದ ಪಕಾರ ಮುಂದೆ ಹಕಾರವಾಗುತ್ತದೆ. ಪಾಲು ಹಾಲಾಯಿತು, ಪೂ ಹೂವಾಯಿತು ಎಂದು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆ ಸೂತ್ರಕ್ಕೆ ಒಂದು ಇಡೀ ಊರು ಉದಾಹರಣೆಯಾಗಿ ನಿಂತಿರುವುದನ್ನು, ಅದರ ಬೀದಿಯ ಮೇಲೆ ನಿಂತು ಅಂದೇ ಕಂಡೆ. “ಅಂಗಾದ್ರೆ ನಮ್ಮೂರು ಆವತ್ತಿಂದ್ಲೂ ಐತೆ ಅನ್ನಿ” ಎಂದು ಆ ತಾಯಿ ದನದ ಹಿಂದೆ ನಡೆದರು. ಆಕೆಯ ಮಾತಿನಲ್ಲಿ ಹೆಮ್ಮೆಗಿಂತ ಹೆಚ್ಚಾಗಿ, ಗೊತ್ತಿದ್ದುದನ್ನೇ ಯಾರೋ ಖಚಿತಪಡಿಸಿದ ನೆಮ್ಮದಿ ಇತ್ತು.

ಈಗೀಗ ತಾಳಗುಂದದಲ್ಲಿ ದೊರೆತ ಶಾಸನವೊಂದು ಹಲ್ಮಿಡಿಗಿಂತಲೂ ಹಳೆಯದೆಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. ಅದು ನಿಂತರೆ ರಸಪ್ರಶ್ನೆಯ ಉತ್ತರ ಬದಲಾಗುತ್ತದೆ. ಆದರೆ ಕಲ್ಲಿನ ಮುಂದೆ ಕುಳಿತು ಕಲಿತದ್ದು ಬದಲಾಗುವುದಿಲ್ಲ. ನಮ್ಮ ಮಕ್ಕಳು ಪರದೇಶಕ್ಕೆ ಓದಲು ಹೋಗುವುದರ ವಿಷಯವಾಗಿ ನಾವು ಹಿರಿಯರು ಸಾಮಾನ್ಯವಾಗಿ ಎರಡು ಬಗೆಯ ಮಾತಾಡುತ್ತೇವೆ. ಅಲ್ಲಿಯದೆಲ್ಲ ದೊಡ್ಡದು ಎಂದು ಬೆರಗಾಗುವುದು ಒಂದು, ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಬೀಗುವುದು ಇನ್ನೊಂದು. ಎರಡರಲ್ಲಿಯೂ ನೋಡುವ ಕೆಲಸವಿಲ್ಲ. ರೋಮ್ ನಮ್ಮ ಹುಡುಗಿಗೆ ಕೊಟ್ಟದ್ದು ಮೂರು ಪ್ರಶ್ನೆಗಳನ್ನು. ಅವು ಯಾವ ಊರಿನಲ್ಲಿಯೂ ಕೇಳಬಹುದಾದಂಥವು.

ಕಳೆದ ವರ್ಷ ನಾನಿದ್ದ ಕಾಲೇಜಿನ ಕನ್ನಡ ವಿಭಾಗಕ್ಕೆ ಹೋಗಿ, ಭಾನುವಾರಗಳಂದು ವಿದ್ಯಾರ್ಥಿಗಳನ್ನು ಹಲ್ಮಿಡಿಗೆ ಕರೆದೊಯ್ಯಲು ಸಿದ್ಧನಿದ್ದೇನೆಂದು ಹೇಳಿದೆ. ಹೆಸರು ಕೊಟ್ಟವರು ನಲವತ್ತು ಮಂದಿ, ಮೊದಲ ಭಾನುವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದವರು ಏಳು. ಏಳೂ ಮಂದಿಗೆ ಒಂದ���ಂದು ಖಾಲಿ ಪುಸ್ತಕ, ಒಂದೊಂದು ಪೆನ್ಸಿಲು ಕೊಟ್ಟೆ. ನಮ್ಮ ಹುಡುಗಿ ವಿಜಯಪುರಕ್ಕೆ ಹೋಗಿದ್ದಳು, ಗೋಲಗುಮ್ಮಟವನ್ನು ಅಳೆಯುವುದಕ್ಕೆ.